ಬಾಯಲ್ಲಿ ಶೇಂಗಾ ಎಣ್ಣೆ, ಬಾಗಿಲಲ್ಲಿ ಬೀಗರು

ಹಲ್ಲು ಕಾಪಾಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಬೆಳಿಗ್ಗೆ ಎರಡು ನಿಮಿಷ, ಮಲಗುವ ಮುಂಚೆ ಎರಡು ನಿಮಿಷ ಉಜ್ಜಬೇಕು, ಉಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಅಷ್ಟೆ. ಇಷ್ಟನ್ನು ಶಿಸ್ತಿನಿಂದ ಮಾಡಹೊರಟವನು ಮಗಳ ಸಂಬಂಧಕ್ಕೇ ಹೇಗೆ ಕುತ್ತು ತರಬಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ಏನನ್ನೂ ಸೇರಿಸದೆ ಬರೆಯುತ್ತೇನೆ.

ನಾನು ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ಮಾಲು ನೋಡುವವನು. ಚೀಲಕ್ಕೆ ಕೈ ಹಾಕಿ ನಾಲ್ಕು ಕಾಯಿ ತೆಗೆಯುವುದು, ಹಲ್ಲಲ್ಲಿ ಒಡೆಯುವುದು, ಬೀಜ ಕಡಿದು ನೋಡಿ ಮಾಲು ಒಣಗಿದೆಯೋ ಹಸಿಯೋ ಹೇಳುವುದು, ಇದೇ ಮೂವತ್ತು ವರ್ಷದ ಕೆಲಸ. ಬಾಯಲ್ಲಿ ಬೀಜ ಇರುವಾಗಲೇ ರೈತರು ಹೆಂಗೈತೆ ಎಂದು ಅವಸರ ಮಾಡುತ್ತಾರೆ. ಆಗ ನಾವು ಕಣ್ಣು ಮುಚ್ಚಿ ನಿಧಾನವಾಗಿ ಎರಡು ಸಲ ತಲೆಯಾಡಿಸುತ್ತೇವೆ. ತಾಳು, ಜಗಿದು ಹೇಳ್ತೀನಿ ಅಂತ. ಮಂಡಿಯ ಹಮಾಲರಿಗೂ ಇದು ಗೊತ್ತು. ಮಂಡಿ ಮತ್ತು ನನ್ನ ಮನೆಯಾಚೆ ಯಾರಿಗೂ ಗೊತ್ತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಇಂಥ ದುಡಿಮೆಯಿಂದ ನನ್ನ ಎರಡು ದವಡೆ ಹಲ್ಲು ಸೀಳಿ, ಒಸಡಿನಲ್ಲಿ ರಕ್ತ ಬರತೊಡಗಿತ್ತು. ಹಲ್ಲಿನ ಡಾಕ್ಟರು ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಹಲ್ಲು ಅಡಕತ್ತರಿಯಲ್ಲ ಎಂದರು. ಮೇಲೆ ಹೇಳಿದ ನಿಯಮಗಳನ್ನು ಕೊಟ್ಟರು. ನಾನು ಅಕ್ಷರಶಃ ಪಾಲಿಸಿದೆ. ಗಡಿಯಾರ ನೋಡಿಕೊಂಡು ಉಜ್ಜಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

ನಿಲ್ಲಿಸಲು ಬಿಡದವನು ಪಕ್ಕದ ಮನೆಯ ಬಸಣ್ಣ. ಎಣ್ಣೆ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು, ಅರವತ್ತೆಂಟಕ್ಕೂ ಕಬ್ಬು ಸಿಗಿದು ತಿನ್ನುತ್ತಾನೆ. ಖಾಲಿ ಹೊಟ್ಟೆಯಲ್ಲಿ ಒಂದು ಚಮಚ ಎಣ್ಣೆ ಬಾಯಿಗೆ ಹಾಕಿ ಇಪ್ಪತ್ತು ನಿಮಿಷ ಮುಕ್ಕಳಿಸಬೇಕಂತೆ. ನಡುವೆ ಉಗುಳಿದರೆ ಫಲವಿಲ್ಲ. ನುಂಗಿದರೆ ಬಾಯಲ್ಲಿರುವ ವಿಷವೆಲ್ಲ ಹೊಟ್ಟೆಗೆ. ಎಳ್ಳೆಣ್ಣೆ ಉತ್ತಮ ಎಂದ. ಚಳ್ಳಕೆರೆಯಲ್ಲಿದ್ದುಕೊಂಡು ಎಳ್ಳೆಣ್ಣೆಯೇ! ನಾನು ಶೇಂಗಾ ಎಣ್ಣೆಯನ್ನೇ ಆರಿಸಿದೆ. ಒಂದು ಚಮಚಕ್ಕೆ ಅಷ್ಟು ಗುಣವಿದ್ದರೆ ಮೂರಕ್ಕೆ ಎಷ್ಟಿರಬೇಡ ಎಂದು ಲೆಕ್ಕ ಹಾಕಿ, ಮೂರು ಚಮಚ ಹಾಕಿಕೊಳ್ಳತೊಡಗಿದೆ.

ಇದೇ ವೇಳೆ ಮಗಳು ಸುಮಾಳಿಗೆ ಮೊಳಕಾಲ್ಮೂರಿನ ಸಂಬಂಧ ಕೂಡಿಬಂದಿತ್ತು. ರೇಷ್ಮೆ ಸೀರೆ ನೇಯುವ ಮನೆತನ. ಹುಡುಗ ಮಂಜುನಾಥ, ತನ್ನ ಮಗ್ಗದಲ್ಲಿ ತಾನೇ ಕೂರುವವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಉಳಿದದ್ದು ಒಂದೇ ಮಾತು. ಸುಮಾ ಪರಶುರಾಂಪುರದ ಕಡೆ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುತ್ತಾಳೆ. ಮದುವೆಯ ನಂತರವೂ ಕೆಲಸ ಬಿಡುವುದಿಲ್ಲ, ಬೇಕಾದರೆ ಮೊಳಕಾಲ್ಮೂರಿನ ಕಡೆಗೆ ವರ್ಗ ಮಾಡಿಸಿಕೊಳ್ಳುತ್ತೇನೆ ಎಂಬುದು ಅವಳ ಷರತ್ತು. ಅದಕ್ಕೆ ಅವರು ಒಪ್ಪದಿದ್ದರೆ ಮದುವೆಯೇ ಬೇಡ ಎಂದಿದ್ದಳು. ತಾನೇ ಹೇಳುತ್ತೇನೆ ಎಂದವಳನ್ನು ತಡೆದವನು ನಾನು.

"ದೊಡ್ಡೋರ ಮುಂದೆ ಮಾತು ಹೆಂಗೆ ತೆಗೀಬೇಕು ಅನ್ನೋದು ನನಗೆ ಗೊತ್ತೈತಮ್ಮ. ನೀನು ಸುಮ್ಮನಿರು," ಎಂದಿದ್ದೆ.

ಹುಡುಗನ ಕಡೆಯವರು ಮಾತುಕತೆಗೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇವೆ ಎಂದಿದ್ದರು. ಎದುರು ಕುಳಿತವರು ನನ್ನ ಬಾಯನ್ನೇ ನೋಡುತ್ತಾರಲ್ಲ ಎಂದು ಅಂದು ಮೂರು ನಿಮಿಷ ಉಜ್ಜಿದೆ. ಏಳೂವರೆಗೆ ಎಣ್ಣೆ ಬಾಯಿಗೆ ಹಾಕಿಕೊಂಡು ಜಗಲಿಯಲ್ಲಿ ಅಡ್ಡಾಡತೊಡಗಿದೆ. ಏಳು ನಲವತ್ತಕ್ಕೆ ಬಾಗಿಲ ಮುಂದೆ ಒಂದು ಕಾರು ನಿಂತಿತು. ಗುರುತಿನವರ ಕಾರು ಈ ಕಡೆ ಬರುತ್ತಿತ್ತಂತೆ, ಹತ್ತಿಬಿಟ್ಟಿದ್ದರು. ಮಂಜುನಾಥ, ಅವನ ತಾಯಿ, ಅವನ ದೊಡ್ಡಪ್ಪ ರುದ್ರಣ್ಣ. ಆ ಮನೆಯಲ್ಲಿ ಮಾತೆಂದರೆ ರುದ್ರಣ್ಣನವರದೇ.

ನಾನು ಕೈ ಮುಗಿದೆ. ಹಿತ್ತಲಿಗೆ ಹೋಗಿ ಉಗುಳಿ ಬರಬಹುದಿತ್ತು. ಆದರೆ ನನ್ನ ಲೆಕ್ಕದಲ್ಲಿ ಇನ್ನೂ ಹತ್ತು ನಿಮಿಷ ಬಾಕಿ! ಆ ಯೋಚನೆಯಲ್ಲಿರುವಾಗಲೇ ರುದ್ರಣ್ಣ ನನ್ನ ಕೈ ಹಿಡಿದು ಪಡಸಾಲೆಯ ಚಾಪೆಯ ಮೇಲೆ ತಮ್ಮ ಪಕ್ಕ ಕೂರಿಸಿಕೊಂಡರು. ಆಮೇಲೆ ಕೈ ಬಿಡಲಿಲ್ಲ. ಪ್ರಯಾಣದ ಬಗ್ಗೆ ಹೇಳಿದರು, ಈರುಳ್ಳಿ ಬೆಳೆಯ ಬಗ್ಗೆ ಕೇಳಿದರು. ನಾನು ಕೆನ್ನೆ ಉಬ್ಬಿಸಿಕೊಂಡು ನೋಡುತ್ತಿದ್ದೆ.

"ಯಜಮಾನ್ರಿಗೆ ನಾವು ಬಂದಿದ್ದು ಇಷ್ಟ ಇಲ್ಲೇನೋ," ಎಂದರು ಕೊನೆಗೆ.

ನನ್ನ ಹೆಂಡತಿ ಗಂಗಮ್ಮ ನೀರಿನ ಚೊಂಬಿನೊಂದಿಗೆ ಬಂದಿದ್ದಳು. ಮದುಮಗಳ ತಂದೆ ಬಾಯಲ್ಲಿ ಎಣ್ಣೆ ಇಟ್ಟುಕೊಂಡಿದ್ದಾನೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಭಾನುವಾರ ಮಧ್ಯಾಹ್ನದ ತಂಕ ಅವರು ಮೌನ ಇರ್ತಾರ್ರಿ," ಎಂದಳು.

ರುದ್ರಣ್ಣನವರ ಮುಖ ಭಕ್ತಿಯಿಂದ ಅರಳಿತು. ಹಿಡಿದಿದ್ದ ಕೈಯನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡರು. ಇಂಥ ಮನೆಯ ಹೆಣ್ಣು ಸಿಗಲು ಪುಣ್ಯ ಮಾಡಿರಬೇಕು ಎಂದರು. ಎದ್ದು ಹೋಗಿ ಉಗುಳಿದರೆ ಮೌನದ ಗುಟ್ಟು ಬಯಲಾಗುತ್ತಿತ್ತು, ಆ ದಾರಿ ಅಲ್ಲಿಗೆ ಮುಚ್ಚಿತು. ಉಗುಳಿ ಬಂದರೂ ಮಧ್ಯಾಹ್ನದವರೆಗೆ ಮಾತಿಲ್ಲ!

ಹುಡುಗನ ತಾಯಿ ಚೀಲದಿಂದ ಮುಹೂರ್ತದ ಸೀರೆ ತೆಗೆದು ಚಾಪೆಯ ಮೇಲೆ ಹರಡಿದರು. ಅರಿಶಿನ ಬಣ್ಣ, ಕೆಂಪು ಅಂಚು. ಮಗನೇ ನೇಯ್ದದ್ದಂತೆ. ಆಗ ರುದ್ರಣ್ಣ ಗಂಟಲು ಸರಿಮಾಡಿಕೊಂಡರು.

"ಒಂದು ಮಾತು, ಯಜಮಾನ್ರೆ. ಮದುವೆ ಆದಮೇಲೆ ಹುಡುಗಿ ಕುರಿ ಹಿಂದೆ ತಿರುಗೋದು ಬ್ಯಾಡ. ಕೆಲಸ ಬಿಡಿಸ್ತೀರಲ್ಲ?"

ಬಾಯಿ ತುಂಬಿತ್ತು. ಎದುರಿಗಿದ್ದವರು ಉತ್ತರಕ್ಕೆ ಅವಸರಪಡುತ್ತಿದ್ದರು. ಮೂವತ್ತು ವರ್ಷದಿಂದ ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಕಣ್ಣು ಮುಚ್ಚಿ, ನಿಧಾನವಾಗಿ, ಎರಡು ಸಲ ತಲೆಯಾಡಿಸಿದೆ.

"ಒಪ್ಪುಕುನ್ನಾರು," ಎಂದರು ರುದ್ರಣ್ಣ ಹುಡುಗನ ತಾಯಿಯ ಕಡೆ ತಿರುಗಿ, ತಮ್ಮ ಮನೆಮಾತು ತೆಲುಗಿನಲ್ಲಿ. ಒಪ್ಪಿಕೊಂಡರು ಅಂತ.

ಕಣ್ಣು ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಸುಮಾ ನಿಂತಿದ್ದಳು. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಮಂಡಿಯಲ್ಲಿ ನಾನು ಹಸಿ ಮಾಲನ್ನು ನೋಡುವಂತೆ ನನ್ನನ್ನು ನೋಡಿದಳು. ಆ ನೋಟವನ್ನು ತಡೆಯಲಾರದೆ 'ಇಲ್ಲ' ಎನ್ನಲು ಬಾಯಿ ತೆರೆದೆ.

ಮಾತಿಗಿಂತ ಮೊದಲು ಎಣ್ಣೆ ಬಂತು.

ಸ್ವಲ್ಪ ಗಂಟಲಿಗೆ ಇಳಿಯಿತು. ಉಳಿದದ್ದು ಮುಹೂರ್ತದ ಸೀರೆಯ ಮೇಲೆ, ಅಂಚಿನಿಂದ ಒಂದು ಗೇಣು ಈಚೆಗೆ ಬಿತ್ತು. ಬಸಣ್ಣ ಹೇಳಿದ ವಿಷವೆಲ್ಲ ಅದರಲ್ಲಿ ಇತ್ತೆಂದು ಕಾಣುತ್ತದೆ, ಯಾರಿಗೂ ಉಸಿರಾಡಲಾಗಲಿಲ್ಲ. ನಾನು ಕೆಮ್ಮುತ್ತಲೇ ಟವೆಲ್ ತೆಗೆದು ಒರೆಸಲು ಬಾಗಿದೆ.

"ಉಜ್ಜಬ್ಯಾಡ್ರಿ ಮಾವ," ಎಂದ ಮಂಜುನಾಥ. ಆವರೆಗೆ ಅವನು ಮಾತೇ ಆಡಿರಲಿಲ್ಲ. ಮಗ್ಗದ ಎಣ್ಣೆ ರೇಷ್ಮೆಗೆ ತಾಗುವುದು ಅವರಲ್ಲಿ ಇದ್ದದ್ದೇ ಅಂತೆ. ಎಣ್ಣೆ ಹೀರಲು ಯಾವುದಾದರೂ ನುಣ್ಣನೆಯ ಬಿಳಿ ಪುಡಿ ಇದ್ದರೆ ಬೇಗ ಕೊಡಿ ಎಂದ. ಸುಮಾ ಕೈಗೆ ಸಿಕ್ಕಿದ್ದನ್ನು ತಂದಳು. ಅದು ನನ್ನ ಹಲ್ಲುಪುಡಿಯ ಡಬ್ಬಿ.

ಇಬ್ಬರೂ ಸೀರೆಯ ಆಚೆ ಈಚೆ ಕುಕ್ಕರಗಾಲಲ್ಲಿ ಕೂತರು. ಅವಳು ಪುಡಿ ಉದುರಿಸುವುದು, ಅವನು ಬಟ್ಟೆಯನ್ನು ಅಡಿಯಿಂದ ತಟ್ಟುವುದು. ಮೂರನೆಯ ಸಲ ಉದುರಿಸುವಾಗ ಸುಮಾ ತಲೆ ಎತ್ತದೆ ಹೇಳಿದಳು.

"ನಾನು ಕೆಲಸ ಬಿಡಲ್ಲ. ಅಪ್ಪ ಹೇಳ್ಬೇಕಿತ್ತು. ಅವರ ಬಾಯಾಗೆ ಎಣ್ಣೆ ಇತ್ತು. ಅದಕ್ಕೆ ನಾನೇ ಹೇಳ್ತಿದೀನಿ."

ಅವನು ತಟ್ಟುತ್ತಲೇ ಇದ್ದ. "ಬಿಡು ಅಂತ ನಾನೇನು ಕೇಳಿಲ್ಲಲ್ಲ. ನಮ್ಮ ಕಡೇನೂ ಕುರಿ ಅದಾವೆ."

ಹಾಗಾದರೆ ಯಜಮಾನರು ತಲೆಯಾಡಿಸಿದ್ದೇಕೆ ಎಂದು ರುದ್ರಣ್ಣ ಕೇಳಿದರು. ಸುಮಾ ಮಂಡಿಯ ಪದ್ಧತಿಯನ್ನು ಎರಡು ವಾಕ್ಯದಲ್ಲಿ ವಿವರಿಸಿದಳು. ಮೌನವ್ರತದ ವಿಚಾರ ಯಾರೂ ಎತ್ತಲಿಲ್ಲ. ಗಂಗಮ್ಮ ಚೊಂಬಿನೊಳಗೇ ನೋಡುತ್ತಿದ್ದಳು. ಹುಡುಗನ ತಾಯಿ ಸೀರೆಯ ಮೇಲೆ ಬೆರಳಾಡಿಸಿ, ಉಳಿದ ಕಲೆ ನೆರಿಗೆಯೊಳಗೆ ಹೋಗುತ್ತದೆ ಎಂದರು. ಆಮೇಲೆ ರುದ್ರಣ್ಣನವರನ್ನು ನೋಡಿದರು.

"ಇಷ್ಟೆಲ್ಲ ಆದ್ರೂ ಹುಡುಗಿ ಕೈ ನಡುಗಲಿಲ್ಲ ನೋಡ್ರಿ. ಇಂಥ ಕೈಗೆ ಕೆಲಸ ಬಿಡಿಸಿ ಏನು ಮಾಡಾಣ?"

ರುದ್ರಣ್ಣ ಸೀರೆಯ ತುದಿಯನ್ನು ಮಡಚಿಟ್ಟು, ಆಗಲಿ ಎಂದರು.

ನನ್ನ ಬಾಯಿ ಈಗ ಖಾಲಿಯಾಗಿತ್ತು. ತಂದೆಯಾದವನು ಒಂದೆರಡು ತೂಕದ ಮಾತು ಆಡಬೇಕಲ್ಲವೇ? ನೆಟ್ಟಗೆ ಕುಳಿತು, "ನೋಡ್ರಿ, ಈಗಿನ ಕಾಲದಾಗೆ ಹೆಣ್ಣುಮಕ್ಕಳು..." ಎಂದು ಆರಂಭಿಸಿದೆ. ಅಷ್ಟರಲ್ಲಿ ಎಲ್ಲರೂ ತಿಂಡಿಗೆ ಎದ್ದು ಒಳಗೆ ಹೋಗುತ್ತಿದ್ದರು. ಗಂಗಮ್ಮ ಒಬ್ಬಳೇ ನಿಂತು ಕೇಳಿದಳು, ಪೂರ್ತಿ ಒಂದು ವಾಕ್ಯ.

"ಮೀಸೆ ಒರೆಸ್ಕಳ್ರಿ, ಇನ್ನೂ ಎಣ್ಣೆ ಇಳೀತೈತೆ," ಎಂದು ಹೇಳಿ ಅವಳೂ ಒಳಗೆ ಹೋದಳು.