ಹುಳದ ಮನೆಯಲ್ಲಿ ಬಾಮಿನ ವಾಸನೆ

ಮೂರನೆಯ ಬಿಂದಿಗೆ ನೀರು ನೆತ್ತಿಯ ಮೇಲೆ ಬಿದ್ದಾಗ ಅನಂತರಾಜು ಸೀನಿದ. ಹೆಂಡತಿ ರಾಧಾಮಣಿ ಬಗ್ಗಿ ಅವನ ಹಣೆ ಮೂಸಿದಳು. ಪಕ್ಕದ ಮನೆಯ ಹುಚ್ಚಯ್ಯ ನೀರಿನ ತೊಟ್ಟಿಯ ಕಟ್ಟೆಯಿಂದಿಳಿದು ಬಂದು ತಾನೂ ಮೂಸಿದ.

"ಬಾಮಿನ್ ವಾಸ್ನೆ ಇನ್ನೂ ಒಸಿ ಐತೆ," ಎಂದ. "ಸೋಪು ಹಾಕ್ಬ್ಯಾಡವ್ವ, ಅದ್ರ ವಾಸ್ನೇನೂ ಹುಳಕ್ಕೆ ಆಗಕಿಲ್ಲ. ಹುಣಸೇಹಣ್ಣು ತತ್ತಾ."

ತಾನು ಬಾಮನ್ನು ಕಣ್ಣಲ್ಲೂ ನೋಡಿಲ್ಲವೆಂದು ಅನಂತರಾಜು ಬೆಳಗಿನಿಂದ ಹೇಳುತ್ತಲೇ ಇದ್ದ. ಕಟ್ಟಿದ ಮೂಗಿನಿಂದ ಅದು ಹಂಡೆಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ಹಂಡೆಯ ಮಾತನ್ನು ಯಾರು ನಂಬುತ್ತಾರೆ?

ಕೂಟಗಲ್ಲು ಹಳ್ಳಿಯ ಆ ಮನೆಯ ನಡುಮನೆಯಲ್ಲಿ ರೇಷ್ಮೆಹುಳುಗಳು ಕೊನೆಯ ವಾರದ ಸೊಪ್ಪು ಮೇಯುತ್ತಿದ್ದವು. ಇನ್ನು ಮೂರು ದಿನಕ್ಕೆ ಗೂಡು ಕಟ್ಟಬೇಕು. ಹುಳು ಮನೆಗೆ ಬಂದ ದಿನವೇ ಅಂಬುಜಮ್ಮ ಬೀಡಿ, ಊದುಬತ್ತಿ, ಮುಖದ ಪೌಡರಿನ ಜೊತೆಗೆ ಔಷಧಿ ಇಡುತ್ತಿದ್ದ ಬಿಸ್ಕತ್ ಡಬ್ಬವನ್ನೂ ಹೊರಗೆ ಹಾಕಿಸಿದ್ದಳು. ಬಾಮಿನ ವಾಸನೆಗೆ ಹುಳು ಮೇವು ಬಿಡುತ್ತವೆ, ಸರಿ; ಜ್ವರದ ಮಾತ್ರೆಗೆ ವಾಸನೆಯೆಲ್ಲಿದೆ ಎಂದು ಅನಂತರಾಜು ಕೇಳಿದ್ದ. ಬಾಮಿನ ಪಕ್ಕದಲ್ಲೇ ಮಲಗಿದ್ದವಲ್ಲ ಎಂದಿದ್ದಳು. ಅವಳು ಅವನ ಸೋದರತ್ತೆ, ಈಗ ಹೆಣ್ಣು ಕೊಟ್ಟ ಅತ್ತೆ. ಎರಡು ಕಡೆಯಿಂದಲೂ ಎದುರು ಮಾತಾಡುವಂತಿರಲಿಲ್ಲ. ಡಬ್ಬ ಹುಚ್ಚಯ್ಯನ ಮನೆ ಸೇರಿತು.

ಇವತ್ತು ಭಾನುವಾರ. ನಾಳೆ ಮೊದಲ ಬಸ್ಸಿಗೆ ಅವನು ಬಿಡದಿಯ ಕಾರ್ಖಾನೆಗೆ ಹೋಗಲೇಬೇಕು. ಈ ತಿಂಗಳು ಇನ್ನೊಂದು ದಿನ ತಪ್ಪಿಸಿದರೆ ಮತ್ತೆ ಬರುವುದೇ ಬೇಡವೆಂದು ಕಂಟ್ರಾಕ್ಟರು ಹೇಳಿಬಿಟ್ಟಿದ್ದ. ಅಷ್ಟರೊಳಗೆ ನೆಗಡಿ ಇಳಿಯಬೇಕು. ಅದಕ್ಕೇ ಬೆಳಗ್ಗೆ ಎದ್ದವನೇ ಹುಚ್ಚಯ್ಯನ ಮನೆಗೆ ಹೋಗಿ ಡಬ್ಬ ತೆರೆಸಿದ್ದ. ಮಾತ್ರೆಗಳಲ್ಲಿ ಎರಡು ಹುಚ್ಚಯ್ಯನ ಹೆಂಡತಿಯ ಸೊಂಟಕ್ಕೆ, ಒಂದು ಭಾವಮೈದುನನ ಹಲ್ಲಿಗೆ, ಉಳಿದವು ಮುಂಜಾಗ್ರತೆಗೆಂದು ಹುಚ್ಚಯ್ಯನಿಗೇ ಸಂದಿದ್ದವು. ಮಿಕ್ಕಿದ್ದು ಸುಟ್ಟಗಾಯದ ಮುಲಾಮು ಮತ್ತು ಒಂದುಂಡೆ ಹತ್ತಿ.

"ಬಾಮೆಲ್ಲಣ್ಣ?"

"ಡಬ್ಬದ್ ಜೊತೆ ಬರ್ಲೇ ಇಲ್ಲ ಕಣ್ಲಾ," ಎಂದ ಹುಚ್ಚಯ್ಯ, ಅವನನ್ನೇ ದಿಟ್ಟಿಸುತ್ತ.

ಅನಂತರಾಜು ಬರಿಗೈಲಿ ವಾಪಸು ಬರುವುದಕ್ಕೂ, ಸೊಪ್ಪು ಹಾಕುತ್ತಿದ್ದ ರಾಧಾಮಣಿ ನಡುಮನೆಯಲ್ಲಿ ಬಾಮಿನ ವಾಸನೆ ಎಂದು ಹೊರಗೋಡಿ ಬರುವುದಕ್ಕೂ ಸರಿಹೋಯಿತು. ಒಳಗಿನಿಂದ ಅಂಬುಜಮ್ಮ ತಲೆಯೆತ್ತದೆ, ನೆಗಡಿ ಆಗಿರುವವನನ್ನು ಕೇಳು ಎಂದಳು. ಬಾಮು ಕಾಣೆಯಾದ ಸಂಗತಿಗೆ ಹುಚ್ಚಯ್ಯ ಬೇಲಿಯಾಚೆಯಿಂದಲೇ ಸಾಕ್ಷಿ ನುಡಿದ. ಅನಂತರಾಜುವಿಗೆ ಮಾತ್ರ ಯಾವ ವಾಸನೆಯೂ ಹತ್ತಲಿಲ್ಲ.

ಮೊದಲು ಜೇಬು ತಡಕಿದರು. ಆಮೇಲೆ ತಣ್ಣೀರು, ಸೀಗೆಪುಡಿ, ಕೊನೆಗೆ ಹುಣಸೇಹಣ್ಣು. ಹುಚ್ಚಯ್ಯ ಅವನನ್ನು ಹಿತ್ತಾಳೆ ಚೆಂಬಿನಂತೆ ತಿಕ್ಕಿದ. ಪ್ರತಿ ಸಲವೂ ರಾಧಾಮಣಿ ಒಳಗೆ ಹೋಗಿ ಮೂಸಿ, ಇನ್ನೂ ಹೋಗಿಲ್ಲವೆಂದು ಬರುತ್ತಿದ್ದಳು. ಅವನ ಪಂಚೆ, ಹೊದಿಕೆ, ಚಾಪೆ ಒಂದೊಂದಾಗಿ ಅಂಗಳಕ್ಕೆ ಬಂದವು. ನಾಲ್ಕನೆಯ ಸ್ನಾನದ ಹೊತ್ತಿಗೆ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅವನನ್ನು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಮಲಗಿಸಿದರು. ಎಮ್ಮೆಯೂ ಒಮ್ಮೆ ಮೂಸಿ ಮುಖ ತಿರುಗಿಸಿತು.

ಇಳಿಹೊತ್ತಿಗೆ ರಾಧಾಮಣಿ ಸೊಪ್ಪು ಕೊಯ್ಯಲು ಹೋದಳು. ಆಗ ಅಂಬುಜಮ್ಮ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೊಟ್ಟಿಗೆಗೆ ಬಂದು, ಅವನ ಹಣೆ ಮುಟ್ಟಿ ನೋಡಿದಳು. ಕೆಂಡದಂತಿತ್ತು. ಅವಳ ಕಣ್ಣು ತುಂಬಿತು. ಮಡಿಲಿನಿಂದ ಏನನ್ನೋ ತೆಗೆದು ಅವನ ಮುಂದಿಟ್ಟಳು. ಬಾಮಿನ ಬಾಟಲಿ.

"ಹುಳದ್ ತಟ್ಟೆ ಕೆಳ್ಗೇ ಮಡಗಿದ್ದೆ ಕಣಪ್ಪ. ಮಂಡಿ ನೋವು ತಡೆಯಕಾಗಕಿಲ್ಲ. ದಿನಾ ಒಂದು ಮಂಡಿಗೆ ಹಚ್ತಿದ್ದೆ, ಇವತ್ತು ಎರಡ್ಕೂ ಹಚ್ಬುಟ್ಟೆ."

"ಹುಳ?"

"ಅವು ಚೆನ್ನಾಗೇ ಮೇಯ್ತಾವೆ. ಮೊದ್ಲಿಂದ ಅಭ್ಯಾಸ ಆಗೈತೆ."

ಅನಂತರಾಜು ಬಾಟಲಿಯನ್ನೇ ನೋಡಿದ. ಅಂಬುಜಮ್ಮ ಮುಚ್ಚಳ ತಿರುವಿ ಇನ್ನಷ್ಟು ಹತ್ತಿರಕ್ಕೆ ಸರಿಸಿದಳು.

"ಒಸಿ ಹಣೆಗೆ ಹಚ್ಕೊ ಮಗ. ನೆಗಡಿನೂ ಇಳೀತದೆ. ರಾಧ ಕೇಳುದ್ರೆ ವಾಸ್ನೆ ನಿಂದೇ ಅಂತ ಹೇಳಿದ್ರಾಯ್ತು."

ಬೇಲಿಯಾಚೆ ಹುಚ್ಚಯ್ಯ ಬೇಸಿನ್ನಿನಲ್ಲಿ ಹೊಸ ಹುಣಸೇಹಣ್ಣು ನೆನೆಹಾಕುತ್ತಿದ್ದ.

"ಬ್ಯಾಡ," ಎಂದ ಅನಂತರಾಜು.