ಒಂದೇ ಉದ್ದದ ಎಂಟು ತೊಡೆಮೂಳೆಗಳು

ನಾನು ಪ್ರಾಣಿಗಳ ತೊಡೆಮೂಳೆಗಳನ್ನು ಅಳೆಯುವವಳು. ಇದನ್ನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ಶಿಕಾಗೋದಲ್ಲಿ ರಿಸರ್ಚ್ ಎಂದರೆ ನಮ್ಮವರು "ಓ, ಮೆಡಿಸಿನ್ನಾ?" ಎನ್ನುತ್ತಾರೆ. ಹೌದು ಎಂದೂ ಅಲ್ಲ ಎಂದೂ ಅನ್ನಿಸುವಂತೆ ತಲೆಯಾಡಿಸುತ್ತೇನೆ. ವಿಷಯ ಅಲ್ಲಿಗೆ ಮುಗಿಯುತ್ತದೆ.

ಆದರೆ ಕಳೆದ ದಸರಾದಲ್ಲಿ ಬಾಯಿ ತೆರೆಯಲೇಬೇಕಾಯಿತು. ನಮ್ಮ ವಿಭಾಗದಲ್ಲಿ ಪಾಠ ಹೇಳುವ ಸಹಾಯಕಿಯ ಹುದ್ದೆಯೊಂದು ಜನವರಿಗೆ ಖಾಲಿಯಾಗಲಿತ್ತು. ಮೂಳೆಗಳ ಬಗ್ಗೆ ನನಗೆ ಗೊತ್ತಿದೆ ಎಂಬುದರಲ್ಲಿ ಪ್ರೊಫೆಸರಿಗೆ ಅನುಮಾನವಿರಲಿಲ್ಲ. ನಾಲ್ಕು ಜನರ ಮುಂದೆ ನನ್ನ ದನಿ ಹೊರಡುತ್ತದೆಯೇ ಎಂಬುದೇ ಅವರ ಅನುಮಾನ. ಸೋಮವಾರ ಹತ್ತು ನಿಮಿಷ ಪಾಠ ಮಾಡಿ ತೋರಿಸು ಎಂದರು. ಆ ಹುದ್ದೆ ಪಡೆದೇ ತೀರುತ್ತೇನೆಂದು ನಿಶ್ಚಯಿಸಿದೆ. ನಾನು ನಿಶ್ಚಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನದು ಸಾಕ್ಷಿ.

ಆನೆಯ ಮೂಳೆ ಇಲಿಯ ಮೂಳೆಗಿಂತ ದಪ್ಪ ಎಂದು ಹೇಳಲು ಸಂಶೋಧನೆ ಬೇಕಿಲ್ಲ. ತನ್ನ ಉದ್ದಕ್ಕೆ ಹೋಲಿಸಿದರೆ ಯಾವ ಮೂಳೆ ಎಷ್ಟು ದಪ್ಪ ಎಂಬುದು ಪ್ರಶ್ನೆ. ಇದನ್ನು ಕಣ್ಣಿಗೆ ಕಾಣಿಸಲು ಇಲಿ, ಸಿಂಹ, ಕೋಣ, ಆನೆ ಈ ನಾಲ್ಕರ ತೊಡೆಮೂಳೆಗಳನ್ನು, ತುದಿಯ ಗಂಟುಗಳನ್ನು ತೆಗೆದು, ಎಲ್ಲವೂ ಒಂದಡಿ ಉದ್ದ ಇರುವಂತೆ 3ಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಿದೆ. ಎಡಗಾಲಿನದೊಂದು, ಬಲಗಾಲಿನದೊಂದು. ಮೊದಲು ಇಲಿಯದನ್ನು ಒಳಗೂ ಗಟ್ಟಿಯಾಗಿಯೇ ಮಾಡಿದೆ. ಪ್ಲಾಸ್ಟಿಕ್ ಸುರುಳಿ ಕರಗುವ ವೇಗ ಕಂಡು ಗಾಬರಿಯಾಗಿ, ಉಳಿದ ಮೂರಕ್ಕೂ ಒಳಗೆ ಟೊಳ್ಳು ಬಿಟ್ಟೆ. ಹೊರಗಿನ ದಪ್ಪ ತಾನೇ ಮುಖ್ಯ? ನನ್ನ ಮಿತವ್ಯಯವನ್ನು ನಾನೇ ಮೆಚ್ಚಿಕೊಂಡೆ.

ಇನ್ನು ಅಭ್ಯಾಸಕ್ಕೆ ಕೇಳುಗರು ಬೇಕು. ಮಿಶಿಗನ್ನಿನ ಟ್ರಾಯ್‌ನಲ್ಲಿ ನನ್ನ ಸೋದರತ್ತೆ ಸುಧತ್ತೆ ಪ್ರತಿ ದಸರಾಕ್ಕೂ ಗೊಂಬೆ ಕೂರಿಸುತ್ತಾರೆ. ಶನಿವಾರ ಮಧ್ಯಾಹ್ನ ಅವರ ಗೆಳತಿಯರೆಲ್ಲ ಅರಿಶಿನ ಕುಂಕುಮಕ್ಕೆ ಬರುತ್ತಾರೆ. ಚಾಮುಂಡಿಯ ಸಿಂಹ, ಗಣಪತಿಯ ಇಲಿ, ಮಹಿಷನ ಕೋಣ, ಜಂಬೂಸವಾರಿಯ ಆನೆ. ದಸರಾಕ್ಕೆ ಇದಕ್ಕಿಂತ ಹೊಂದುವ ಮೂಳೆಗಳು ಇನ್ಯಾವುವು! ಫೋನು ಮಾಡಿದೆ.

"ಮೂಳೆನಾ? ಚಾಮುಂಡಿ ಮುಂದೆ?" ಎಂದರು ಅತ್ತೆ.

"ಪ್ಲಾಸ್ಟಿಕ್ ಅತ್ತೆ."

"ಪ್ಲಾಸ್ಟಿಕ್ ಮೂಳೆನೂ ಮೂಳೆನೇ ಕಣೇ. ಏನಾದ್ರೂ ಸುತ್ಕೊಂಡು ಬಾ. ನೋಡಿದ್ರೆ ಮೂಳೆ ಅನ್ನಿಸ್ಬಾರ್ದು, ಅಷ್ಟೆ."

ಪ್ರಾಣಿಯ ಹೆಸರಿನ ಚೀಟಿ ಅಂಟಿಸಿ, ಅದರ ಮೇಲೆ ಹಳದಿ ಕೆಂಪು ರಿಬ್ಬನ್ನನ್ನು ಒಂದರ ಪಕ್ಕ ಒಂದರಂತೆ ಬಿಗಿಯಾಗಿ ಸುತ್ತಿದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅವು ಮೂಳೆಗಳೆಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಅವು ಏನೆಂದು ಅನ್ನಿಸುತ್ತಿತ್ತು ಎಂಬುದನ್ನು ಮಾತ್ರ ನಾನು ಯೋಚಿಸಲಿಲ್ಲ.

ಶನಿವಾರ ಬೆಳಿಗ್ಗೆ ಬೇಗ ಹೊರಟು ಡ್ರೈವ್ ಮಾಡಿಕೊಂಡು ಟ್ರಾಯ್ ತಲುಪಿದೆ. ಬುಟ್ಟಿಯನ್ನು ಬೇಸ್‌ಮೆಂಟಿನಲ್ಲಿ ಗೊಂಬೆಗಳ ಪಕ್ಕ ಇಟ್ಟೆ. ನಾಲ್ಕು ಗಂಟೆಗೆ ಭಾಷಣ ಎಂದು ಅತ್ತೆ ಹೇಳಿದರು. ಮನಸ್ಸು ಚೆದುರಬಾರದೆಂದು ಫೋನ್ ಆಫ್ ಮಾಡಿ, ಕೈಗಡಿಯಾರವನ್ನು ಎದುರಿಗಿಟ್ಟುಕೊಂಡು, ಮೇಲಿನ ಕೋಣೆಯ ಕನ್ನಡಿಗೆ ಪಾಠ ಮಾಡತೊಡಗಿದೆ. ಕನ್ನಡಿ ಗಮನವಿಟ್ಟು ಕೇಳಿತು.

ಕೆಳಗಿನಿಂದ ಕೋಲಾಟದ ಹಾಡು ಕೇಳಿಸಿತು. ದೇವಸ್ಥಾನದ ಕಾರ್ಯಕ್ರಮಕ್ಕೆ ಅತ್ತೆಯ ಬಳಗ ಅಭ್ಯಾಸ ಮಾಡುತ್ತಿದೆ ಎಂದು ಗೊತ್ತಿತ್ತು. ಟಕ್, ಟಕ್, ಟಕಟಕ. ತಾಳ ಚೆನ್ನಾಗಿತ್ತು. ನನ್ನ ವಾಕ್ಯಗಳನ್ನೂ ಅದೇ ಲಯಕ್ಕೆ ಕೂರಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಟಕ್ ಎನ್ನಬೇಕಾದ ಕಡೆ ಟಪ್ ಎಂದಿತು. ಮತ್ತೊಮ್ಮೆ ಟಪ್. ಯಾರಿಗೋ ತಾಳ ತಪ್ಪಿದೆ ಎಂದು ಮರುಗಿದೆ.

ಗಡಿಯಾರದಲ್ಲಿ ಸರಿಯಾಗಿ ನಾಲ್ಕಾದಾಗ ಇಳಿದೆ. ಗಡಿಯಾರ ಶಿಕಾಗೋ ಸಮಯದ್ದು, ಒಂದು ಗಂಟೆ ಹಿಂದೆ. ಟ್ರಾಯ್‌ನಲ್ಲಿ ಐದಾಗಿತ್ತು. ಕರೆಯಲು ಬಂದ ಅತ್ತೆ, ಬಾಗಿಲ ಹಿಂದೆ ನನ್ನ ದನಿ ಕೇಳಿ, ಯಾರ ಜೊತೆಯೋ ಫೋನಿನಲ್ಲಿದ್ದಾಳೆಂದು ವಾಪಸಾಗಿದ್ದರಂತೆ. ಹೊತ್ತು ಕಳೆಯಲು ಕೋಲಾಟ ಶುರುವಾಯಿತು. ಕೋಲಿನ ಚೀಲ ಲಿವೋನಿಯಾ ಎಂಬ ಊರಿನಲ್ಲಿ ಯಾರದೋ ಗ್ಯಾರೇಜಿನಲ್ಲೇ ಉಳಿದಿತ್ತು. ಆದರೇನು, ಬುಟ್ಟಿಯಲ್ಲಿ ಬಣ್ಣದ ರಿಬ್ಬನ್ ಸುತ್ತಿದ, ಒಂದೇ ಉದ್ದದ, ಜೋಡಿ ಜೋಡಿ ಕೋಲುಗಳಿದ್ದವಲ್ಲ!

ಬೇಸ್‌ಮೆಂಟಿನ ನಡುವೆ ಧಾರವಾಡದ ಮಂಗಲಾ ಆಂಟಿ ನಿಂತಿದ್ದರು. ಕೋಲಾಟ ಕಲಿಸುವವರು ಅವರೇ. ಎರಡೂ ಕೈಯಲ್ಲಿ ಒಂದೊಂದು ತುಂಡು.

"ನಿನ್ನ ಕೋಲು ನೋಡಾಕ ಛಂದ ಅದಾವ ಖರೆ," ಎಂದರು, "ಆದ್ರ ಪೆಟ್ಟು ತಾಳಂಗಿಲ್ಲ ನೋಡವಾ."

ಅದು ಕೋಲಲ್ಲ, ತೊಡೆಮೂಳೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಚಾಮುಂಡಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಬಾಯಿ ಮುಚ್ಚಿದೆ.

ಅತ್ತೆಯ ಮಗಳು ಅನನ್ಯಾ ನೆಲದ ಮೇಲೆ ಕೂತು ತುಂಡುಗಳ ರಿಬ್ಬನ್ ಬಿಚ್ಚಿ ಚೀಟಿ ಓದತೊಡಗಿದಳು. ಮೊದಲು ಮುರಿದದ್ದು ಕೋಣ. ಆಮೇಲೆ ಆನೆ, ಎರಡೂ ಕಾಲು. ಸಿಂಹವೂ ಉಳಿದಿರಲಿಲ್ಲ. ಇಡಿಯಾಗಿ ಉಳಿದ ಒಂದೇ ಜೋಡಿ ಅತ್ತೆಯ ಕೈಯಲ್ಲಿತ್ತು.

"ಇದು ಯಾವುದೇ?"

"ಇಲಿ," ಎಂದೆ.

"ಮತ್ತೆ? ಗಣಪತಿನ ಹೊತ್ಕೊಂಡು ತಿರುಗೋದು ಅಂದ್ರೆ ಸುಮ್ನೇನಾ?"

ಎಲ್ಲರೂ ಉಸಲಿಯ ಬಟ್ಟಲು ಹಿಡಿದು ಕೂತರು. ಈಗ ಭಾಷಣ ಆಗಲಿ ಎಂದರು. ಕಾರು ಹತ್ತಿ ಹೊರಟುಬಿಡಬೇಕು ಅನ್ನಿಸಿತು. ಆದರೆ ನಿಶ್ಚಯ ನಿಶ್ಚಯವೇ. ಮುರಿದ ತುಂಡುಗಳನ್ನು ಸಾಲಾಗಿ ಜೋಡಿಸಿ ಶುರು ಮಾಡಿದೆ. ಉದ್ದಕ್ಕೆ ಹೋಲಿಸಿದರೆ ಕೋಣದ ಮೂಳೆ ಆನೆಯದಕ್ಕೂ ದಪ್ಪ. ಆನೆ ಕಾಲನ್ನು ಕಂಬದಂತೆ ನೆಟ್ಟಗೆ ಊರುತ್ತದೆ, ಕೋಣ ಕಾಲು ಮಡಿಸಿ ಓಡುತ್ತದೆ. ಮಡಿಸಿದ ಕಾಲಿನ ಮೂಳೆಗೆ ಬಾಗಿಸುವ ಪೆಟ್ಟು ಹೆಚ್ಚು, ಅದಕ್ಕೇ ಆ ದಪ್ಪ. ಆದ್ದರಿಂದ ಕೋಣದ ಮೂಳೆ ಬಹಳ ಬಲಶಾಲಿ.

"ಬಟ್ ಇಟ್ ಬ್ರೋಕ್ ಫಸ್ಟ್, ಅಕ್ಕ," ಎಂದಳು ಅನನ್ಯಾ.

ನನ್ನ ಬಳಿ ಉತ್ತರವಿತ್ತು. ಟೊಳ್ಳು ಬಿಟ್ಟವಳು ನಾನು. ಹೇಳಲೇಬೇಕಾಯಿತು. ಮಂಗಲಾ ಆಂಟಿ ಎಲ್ಲರಿಗಿಂತ ಹೆಚ್ಚು ನಕ್ಕರು.

ಮತ್ತೆ ಪ್ರಿಂಟ್ ಮಾಡಲು ಸಮಯವಿರಲಿಲ್ಲ. ಸೋಮವಾರ ಪ್ರೊಫೆಸರರ ಮೇಜಿನ ಮೇಲೆ ಆ ತುಂಡುಗಳನ್ನೇ ಹರಡಿದೆ. ದನಿ ನಡುಗಲಿಲ್ಲ. ಕೋಲಾಟದವರ ನಗುವನ್ನು ದಾಟಿ ಬಂದವಳಿಗೆ ಒಬ್ಬ ಪ್ರೊಫೆಸರ್ ಯಾವ ಲೆಕ್ಕ! ಹೊರಗಿನ ದಪ್ಪವೊಂದನ್ನೇ ನೋಡಿದರೆ ಮೂಳೆಯ ಬಲ ಗೊತ್ತಾಗುವುದಿಲ್ಲ, ಒಳಗಿನ ಗೋಡೆ ಎಷ್ಟು ದಪ್ಪ ಎಂಬುದನ್ನೂ ನೋಡಬೇಕು ಎಂದು, ಇದೇ ನನ್ನ ಮೂಲ ಯೋಜನೆ ಎಂಬಂತೆ ವಿವರಿಸಿದೆ. ಅವರು ಮುರಿದ ತುದಿಯನ್ನು ಬೆಳಕಿಗೆ ಹಿಡಿದು, ಇಷ್ಟು ಒಳ್ಳೆಯ ಬಲಪರೀಕ್ಷೆ ಯಾವ ಲ್ಯಾಬಿನಲ್ಲಿ ಮಾಡಿಸಿದೆ ಎಂದು ಕೇಳಿದರು.

"ಟ್ರಾಯ್‌ನಲ್ಲಿ," ಎಂದೆ. ಅದು ಸುಳ್ಳಲ್ಲ.

ಹುದ್ದೆ ಸಿಕ್ಕಿತು. ಪಾಠ ಮಾಡಬಹುದು, ಆದರೆ ಇಷ್ಟೊಂದು ಪ್ಲಾಸ್ಟಿಕ್ ಸುರುಳಿ ಖರ್ಚು ಮಾಡಿದವಳು ಪ್ರಿಂಟರ್ ಮಾತ್ರ ಮುಟ್ಟಕೂಡದು ಎಂಬ ಷರತ್ತಿನ ಮೇಲೆ. ಅತ್ತೆಗೆ ಫೋನಿನಲ್ಲಿ ಹೇಳಿದೆ. ಅವರು ಸಂತೋಷಪಟ್ಟರು. ಆಮೇಲೆ ಆ ಇಲಿ ಜೋಡಿಯನ್ನು ಕೊರಿಯರ್ ಮಾಡಿಬಿಡು ಎಂದರು. ಕಳಿಸಿಕೊಟ್ಟೆ. ದೇವಸ್ಥಾನದ ವೇದಿಕೆಯಲ್ಲಿ ಅವರು ಅದರಲ್ಲೇ ಕೋಲಾಟ ಆಡಿದರಂತೆ. ಒಂದು ಗೀರೂ ಬೀಳಲಿಲ್ಲವಂತೆ.

ನನ್ನ ಸಂಶೋಧನೆಯಲ್ಲಿ ಇದುವರೆಗೆ ವೇದಿಕೆ ಹತ್ತಿ ಚಪ್ಪಾಳೆ ಗಿಟ್ಟಿಸಿದ್ದು ಆ ಇಲಿಯೊಂದೇ.