ಸಮುದ್ರಕ್ಕೆ ಮುಟ್ಟದ ಕುಬುಸದ ಕಣ

ಹೇಳಿದ ಕೆಲಸ ಮಾಡದವರಲ್ಲಿ ಎರಡು ಬಗೆ. ಮಾಡಿಲ್ಲವೆಂದು ಹೇಳಿ, ಬೈಸಿಕೊಂಡು, ಹಾಯಾಗಿ ಮಲಗುವವರು ಒಂದು ಬಗೆ. ಮಾಡಿದೆನೆಂದು ಕಾಗದ ಹಾಕಿ ವರ್ಷಗಟ್ಟಲೆ ನಿದ್ದೆಗೆಡುವವರು ಇನ್ನೊಂದು. ನಾನು ಎರಡನೆಯವನು. ಅಕ್ಕ ಹೇಳಿದ್ದು ಒಂದೇ ಕೆಲಸ, ಸಮುದ್ರಕ್ಕೆ ಉಡಿ ತುಂಬುವುದು. ನಾನು ತುಂಬಲಿಲ್ಲ.

ನಾನು ಬೆಟಗೇರಿಯ ಬಡಿಗ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಉಳಿ ಹಿಡಿದವನು. ಎಪ್ಪತ್ತರ ದಶಕದ ಕೊನೆಗೆ ಲಿಬಿಯಾ ದೇಶದ ಕಟ್ಟಡದ ಕೆಲಸಕ್ಕೆ ಜನ ಬೇಕೆಂದಾಗ, ಮುಂಡರಗಿಯ ಗೌಂಡಿ ಖಾದರಸಾಬನ ಜೊತೆ ಹೊರಟೆ. ಸುದ್ದಿ ಕೇಳಿ ಲಕ್ಷ್ಮೇಶ್ವರದಿಂದ ಅಕ್ಕ ಬಂದಳು. ಹೊಳೆ ದಾಟುವಾಗಲೇ ಗಂಗವ್ವನಿಗೆ ಉಡಿ ತುಂಬುವವಳು. ತಮ್ಮ ಸಮುದ್ರ ದಾಟುತ್ತಾನೆಂದರೆ ಬಿಟ್ಟಾಳೆಯೇ? ಹಸಿರು ಕುಬುಸದ ಕಣ, ಅಂದರೆ ಇನ್ನೂ ಹೊಲಿಸದ ರವಿಕೆ ಬಟ್ಟೆ, ತಂದು ಅದರ ನಾಲ್ಕೂ ಮೂಲೆಗೆ ಅರಿಶಿನದ ದಾರದ ಹೊಲಿಗೆ ಹಾಕಿ, ಒಳಗೆ ಒಣಕೊಬ್ಬರಿ, ಅಡಿಕೆ ಕಟ್ಟಿ ಕೊಟ್ಟಳು.

“ಆ ದೇಶದ ಸಮುದ್ರಕ್ಕ ನಿನ್ನ ಕೈಲೇ ಕೊಡು ತಮ್ಮಾ. ಅದು ಮುಟ್ಟೂತನಕ ನಾ ಚಾ ಕುಡಿಯಂಗಿಲ್ಲ.”

ಅಕ್ಕ ದಿನಕ್ಕೆ ಆರು ಸಲ ಚಹಾ ಕುಡಿಯುವವಳು. ಒಂದು ತಪ್ಪಿದರೆ ಅವಳಿಗೆ ತಲೆಶೂಲೆ, ಭಾವನಿಗೆ ಉಪವಾಸ.

ಕೆಲಸವಿದ್ದದ್ದು ಮರಳುಗಾಡಿನಲ್ಲಿ. ನಾಲ್ಕು ತಿಂಗಳ ಮೇಲೆ ಎರಡು ದಿನ ರಜೆ ಕೊಟ್ಟು ಟ್ರಿಪೋಲಿಗೆ ಕರೆತಂದರು. ಸಮುದ್ರದ ದಂಡೆಗೆ ಹಳೆಯ ಕೋಟೆ, ಸುಣ್ಣ ಬಳಿದ ಗೋಡೆಗಳ ಓಣಿಗಳು, ಯಾವ ಕಾಲದ್ದೋ ಒಂದು ಕಲ್ಲಿನ ಕಮಾನು. ಖಾದರಸಾಬ ಅದರ ಸಂದಿಗೆ ಉಗುರು ಹಾಕಿ ನೋಡಿ, “ಗಚ್ಚೇ ಇಲ್ಲಲೇ ಈರಪ್ಪಾ, ಹ್ಯಾಂಗ ನಿಂತೈತಿ ಇದು?” ಎಂದು ಬೆರಗಾದ. ನಾನು ನೋಡುತ್ತಿದ್ದದ್ದು ಬಂದ ದಾರಿಯನ್ನು. ಒಂದೊಂದು ತಿರುವಿಗೂ ಕಿಸೆ ಮುಟ್ಟಿ, ನಮ್ಮ ವಸತಿಯ ವಿಳಾಸ ಬರೆದ ಅರಬ್ಬಿ ಚೀಟಿ ಇದೆಯೇ ಎಂದು ತೆಗೆದು ನೋಡುತ್ತಿದ್ದೆ. ಒಂದಕ್ಷರ ಬರುತ್ತಿರಲಿಲ್ಲ, ತಲೆಕೆಳಗಾಗಿ ಹಿಡಿದರೂ ಅಷ್ಟೇ ಧೈರ್ಯ ಬರುತ್ತಿತ್ತು.

ದಂಡೆಯ ಮೇಲೆ ಬಂದೂಕು ಹಿಡಿದ ಪೊಲೀಸನೊಬ್ಬ ನಿಂತಿದ್ದ. ಗಂಡಸೊಬ್ಬ ನೀರಿಗೆ ಕುಬುಸದ ಬಟ್ಟೆ ಬಿಡುವುದನ್ನು ಕಂಡು ಇದೇನೆಂದು ಕೇಳಿದರೆ ಯಾವ ಭಾಷೆಯಲ್ಲಿ ಹೇಳಲಿ? ಕೊಬ್ಬರಿ ಬಟ್ಟಲನ್ನು ಬಾಂಬೆಂದುಕೊಂಡರೆ?

“ಹೋಗಲೇ, ನಾ ನಿಂತಿರ್ತೀನಿ. ನಿಮ್ಮಕ್ಕ ಕೊಟ್ಟದ್ದು ಸಮುದ್ರಕ್ಕ, ಪೊಲೀಸಗಲ್ಲ,” ಎಂದ ಖಾದರಸಾಬ.

“ನೀ ಮೊದಲ ಹೋಗಿ ಬಾ. ನಾ ಚಪ್ಪಲಿ ಕಾಯ್ತೀನಿ,” ಎಂದೆ.

ಎರಡು ದಿನವೂ ಅವನು ಮೊಣಕಾಲುದ್ದ ನೀರಿನಲ್ಲಿ ಆಡಿ ಬಂದ. ಎರಡು ದಿನವೂ ನಾನು ಚಪ್ಪಲಿ ಕಾಯ್ದೆ. ಉಂಗುಷ್ಠ ಕಿತ್ತ ಆ ಚಪ್ಪಲಿಯತ್ತ ಒಂದು ನಾಯಿಯೂ ತಿರುಗಿ ನೋಡಲಿಲ್ಲ. ಮುಗ್ಗಾಗುತ್ತದೆಂದು ಕೊಬ್ಬರಿಯನ್ನು ನಾವೇ ತಿಂದೆವು. ಅದು ಬೇರೆ ಪಾಪ. ಅಕ್ಕನ ತಲೆಶೂಲೆ ನೆನೆದು ಕಾಗದ ಹಾಕಿದೆ: ಉಡಿ ಮುಟ್ಟಿತು, ಇನ್ನು ಚಹಾ ಕುಡಿ.

ಊರಿಗೆ ಬಂದ ಮೇಲೆ ಅಕ್ಕ ಚಹಾ ಹೀರಿದಾಗಲೆಲ್ಲ ಆ ಸಪ್ಪಳ ನನ್ನ ಹೊಟ್ಟೆಯೊಳಗೆ ಕೇಳಿಸುತ್ತಿತ್ತು. ಕಣ ಟ್ರಂಕಿನ ತಳದಲ್ಲಿತ್ತು. ಬಿಸಾಡಲು ಭಯ, ಇಟ್ಟುಕೊಳ್ಳಲು ಭಯ. ತುಂಗಭದ್ರೆಗೆ ಬಿಡೋಣವೆಂದರೆ, ಒಬ್ಬರ ಉಡಿ ಇನ್ನೊಬ್ಬರಿಗೆ ಕೊಟ್ಟಂತೆ. ಹೀಗೆ ಎರಡು ವರ್ಷ ಕಳೆದವು.

ಆ ಸಲದ ಪಂಚಮಿಗೆ ಅಕ್ಕ ತವರಿಗೆಂದು ನಮ್ಮ ಮನೆಗೆ ಬಂದಳು. ಹೊರಡುವ ದಿನ ಉಡಿ ತುಂಬಿಸಿಕೊಳ್ಳಲು ಮಣೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅರ್ಧ ಕುಡಿದ ಚಹಾದ ಬಸಿ. ನಮ್ಮ ಹೆಂಗಸರಲ್ಲಿ ಕುಬುಸದ ಕಣ ಒಂದು ಉಡಿಯಿಂದ ಇನ್ನೊಂದು ಉಡಿಗೆ ತಿರುಗುತ್ತಲೇ ಇರುತ್ತದೆ. ಯಾರು ಕೊಟ್ಟದ್ದೆಂದು ಯಾರೂ ಕೇಳುವುದಿಲ್ಲ. ನನ್ನ ಹೆಂಡತಿಯೂ ಕೇಳಲಿಲ್ಲ. ಟ್ರಂಕಿನ ತಳಕ್ಕೆ ಕೈ ಹಾಕಿದಳು, ಹೊಸದೊಂದು ಸಿಕ್ಕಿತು, ತಂದು ಅಕ್ಕನ ಉಡಿಗೆ ಹಾಕಿಯೇಬಿಟ್ಟಳು. ಹಸಿರು. ನಾಲ್ಕೂ ಮೂಲೆಗೆ ಅರಿಶಿನದ ದಾರ.

ಅಕ್ಕ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಸಮುದ್ರ ಇದನ್ನ ವಾಪಸ್ ಕಳಿಸಿತೇನೋ ತಮ್ಮಾ?”

ನಾನು ತೊಲೆ ಜಂತಿಗಳನ್ನು ಎಣಿಸತೊಡಗಿದೆ.

“ಹಂಗಾರ ಇಷ್ಟ ವರ್ಷ ನಾ ಕುಡದ ಚಾ?” ಎಂದು ಅಕ್ಕ ಬಸಿಯನ್ನು ದೂರ ಸರಿಸಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಚಹಾದ ಮೇಲೆ ಕೆನೆ ಕಟ್ಟುವುದನ್ನು ನೋಡಲಾಗಲಿಲ್ಲ.

“ತಪ್ಪಾತು ಅಕ್ಕಾ. ಅಂಜಿದೆ, ಸುಳ್ಳ ಕಾಗದ ಹಾಕಿದೆ. ಎಲ್ಲಾ ಸಮುದ್ರ ಒಂದಕ್ಕೊಂದು ಕೂಡ್ಯಾವಂತ, ಖಾದರಸಾಬ ಹೇಳ್ತಾನ. ಕಾರವಾರಕ್ಕ ಹೋಗೂಣು ನಡಿ. ಈ ಸಲ ನೀನ ಉಡಿ ತುಂಬು. ನಾ ಚಪ್ಪಲಿ ಕಾಯ್ತೀನಿ.”